ಸುಳಿ ಹಸಿರಾಗಿದ್ದಾಗ



ಸಂತೆಯ ದಿನ ಶ್ರೀರಾಂಪುರದ ಚಹಾದಂಗಡಿಯಲ್ಲಿ ಅರ್ಧ ಗಂಟೆ ಕುಳಿತವರ ಕಿವಿಗೆ ಎರಡು ಬಗೆಯ ಮಾತುಗಳು ಬೀಳುತ್ತವೆ. "ಈ ನೆಲ ಮುಗೀತು ಬಿಡಪ್ಪ, ಹುಡುಗ್ರು ಬೆಂಗ್ಳೂರಿಗೆ ಹೋಗೋದೇ ವಾಸಿ" ಎಂಬುದು ಒಂದು. "ಭದ್ರೆ ನೀರು ಬರ್ಲಿ, ಆಮೇಲೆ ನೋಡು" ಎಂಬುದು ಇನ್ನೊಂದು. ಸೋಜಿಗವೆಂದರೆ, ಎಷ್ಟೋ ಸಲ ಈ ಎರಡೂ ಮಾತುಗಳು ಒಬ್ಬರ ಬಾಯಿಂದಲೇ, ಒಂದು ಲೋಟ ಚಹಾ ಮುಗಿಯುವುದರೊಳಗೆ ಹೊರಡುತ್ತವೆ.

ಇವೆರಡಕ್ಕೂ ನಮ್ಮ ಕಣ್ಣೆದುರಿನಲ್ಲೇ ಸಾಕ್ಷಿಯಿದೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರಲ್ಲಿ ಒಮ್ಮೆ ಕೋಡಿ ಬಿದ್ದ ಮೇಲೆ 89 ವರ್ಷ ಮತ್ತೆ ಕೋಡಿ ಬೀಳಲಿಲ್ಲ. ಮೂರು ತಲೆಮಾರು ಆ ದೃಶ್ಯವನ್ನು ಹಿರಿಯರ ಬಾಯಲ್ಲಿ ಕೇಳಿತೇ ಹೊರತು ಕಾಣಲಿಲ್ಲ. 2022ರ ಸೆಪ್ಟೆಂಬರಿನಲ್ಲಿ, ಮಳೆಯ ಜೊತೆಗೆ ಭದ್ರೆಯ ನೀರೂ ಸೇರಿ, ಕೋಡಿ ಹರಿಯಿತು. ಕೋಡಿಯ ಫೋಟೋ ಇನ್ನೂ ಮೊಬೈಲುಗಳಲ್ಲಿರುವಾಗಲೇ 2023ರ ಬರ ಬಂದಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. 2025ರ ಜನವರಿಯಲ್ಲಿ ಮತ್ತೆ ಕೋಡಿ. ಇಷ್ಟನ್ನು ಕಂಡ ಮೇಲೂ "ಇನ್ನು ಮುಂದೆ ಹೀಗೆಯೇ" ಎಂದು ಯಾರಾದರೂ ಹೇಳಿದರೆ ನನಗೆ ನಂಬಿಕೆ ಬರುವುದಿಲ್ಲ.

ಆದರೆ ಹಾಗೆ ಹೇಳಿದವರಲ್ಲಿ ನಾನೂ ಒಬ್ಬ. 2017ರ ಬೇಸಗೆಯ ಮಾತಿದು. ವರ್ಷಗಟ್ಟಲೆ ಮಳೆ ಕೈಕೊಟ್ಟು, ಕೊಳವೆಬಾವಿಗಳು ಬತ್ತಿ, ನಮ್ಮ ಭಾಗದ ತೆಂಗಿನ ತೋಟಗಳು ಕಣ್ಣೆದುರೇ ಒಣಗುತ್ತಿದ್ದವು. ನೆರೆಯ ರೈತರೊಬ್ಬರು ತಮ್ಮ ತೋಟಕ್ಕೆ ಕರೆದೊಯ್ದು, "ಏನ್ ಮಾಡ್ಲಿ ಸಾರ್?" ಎಂದು ಕೇಳಿದರು. ಗರಿಗಳು ಜೋತುಬಿದ್ದಿದ್ದವು, ಹರಳುಗಳು ಉದುರಿ ಬುಡದಲ್ಲಿ ಹಾಸಿದ್ದವು. ನಾನು ಸುತ್ತ ನೋಡಿ, "ಇವು ಇನ್ನು ಚೇತರಿಸಿಕೊಳ್ಳುವುದಿಲ್ಲ" ಎಂದೆ. ಅವರು ನನ್ನ ಮಾತನ್ನು ನಂಬಿ ಅರ್ಧಕ್ಕಿಂತ ಹೆಚ್ಚು ಮರಗಳನ್ನು ಕಡಿಸಿದರು. ಕೂಲಿಗೆ ಹಣ ಸಾಲದೆ ಒಂದು ಮೂಲೆಯ ಸಾಲನ್ನು ಹಾಗೆಯೇ ಬಿಟ್ಟರು.

ನಾನು ಓದಿದ ವಿದ್ಯೆಯೇ ನನಗೆ ಬೇರೆ ಮಾತು ಹೇಳಬೇಕಿತ್ತು. ತೆಂಗಿನ ಹೊಂಬಾಳೆಯ ಮೊಳಕೆ ಮರದೊಳಗೆ ರೂಪುಗೊಂಡಂದಿನಿಂದ ಕಾಯಿ ಬಲಿಯುವವರೆಗೆ ಸುಮಾರು 44 ತಿಂಗಳು ಬೇಕು. ಅಂದರೆ ಇಂದು ಉದುರುವ ಹರಳು ಈ ವರ್ಷದ ಬವಣೆಯನ್ನು ಮಾತ್ರವಲ್ಲ, ಎರಡು ಮೂರು ವರ್ಷ ಹಿಂದಿನ ಬವಣೆಯನ್ನೂ ಹೇಳುತ್ತಿರುತ್ತದೆ. ಮಳೆ ಬಂದ ವರ್ಷವೇ ಗೊನೆ ತುಂಬುವುದೂ ಇಲ್ಲ. ತೆಂಗಿಗೆ ಬೆಳೆಯುವ ಕುಡಿ ಒಂದೇ. ಮರ ಬದುಕಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಜೋತ ಗರಿಯನ್ನಲ್ಲ, ನಡುವಿನ ಸುಳಿಯನ್ನು ನೋಡಬೇಕು. ಅಂದು ನಾನು ತಲೆಯೆತ್ತಿ ಸುಳಿಯನ್ನು ನೋಡಲಿಲ್ಲ.

ಆಶೆಯೂ ಇದಕ್ಕಿಂತ ಕಡಿಮೆ ಹಾನಿ ಮಾಡಿಲ್ಲ. "ಇನ್ನೊಂದು ನೂರಡಿ ಇಳಿಸಿದರೆ ಸಿಕ್ಕೀತು" ಎಂಬ ಭರವಸೆಯಲ್ಲಿ ಹೆಂಡತಿಯ ಓಲೆ, ಸರ ಅಡವಿಟ್ಟು ಕೊಳವೆಬಾವಿ ಕೊರೆಸಿದ ಮನೆಗಳನ್ನು ನಾವೆಲ್ಲರೂ ಬಲ್ಲೆವು. ನಮ್ಮದು ಗಟ್ಟಿಕಲ್ಲಿನ ನೆಲ. ಬಿರುಕುಗಳಲ್ಲಿ ನಿಂತ ನೀರೇ ನಮ್ಮ ಪಾಲು. ಆಳಕ್ಕಿಳಿದ ಹೊಸ ಬಾವಿ ಬಹುಮಟ್ಟಿಗೆ ಪಕ್ಕದ ಬಾವಿಯ ನೀರನ್ನೇ ಎಳೆಯುತ್ತದೆ. ಇನ್ನು ಭದ್ರಾ ಮೇಲ್ದಂಡೆಯ ಕತೆ: 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿಯ ಘೋಷಣೆಯಾದೊಡನೆ ಪಟಾಕಿ ಸಿಡಿಸಿದವರಿದ್ದಾರೆ. ನೀರು ಬೇಡವೆಂದು ನಾನು ಹೇಳುತ್ತಿಲ್ಲ, ಬರಬೇಕು. ಆದರೆ ಕಾಲುವೆಯ ಹೆಸರು ಹೇಳಿಕೊಂಡು ಹೊಲದ ಬದುವನ್ನು ಒಡೆದುಹೋದಂತೆಯೇ ಬಿಟ್ಟವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ.

ಇವರೆಲ್ಲರ ನಡುವೆ ನಮ್ಮ ಕೇರಿಯ ಅಜ್ಜಿಯೊಬ್ಬರನ್ನು ನೆನೆಯುತ್ತೇನೆ. ಅವರದು ಎರಡೆಕರೆ ಕೆಂಪು ನೆಲ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ. ಒಂದು ಪಟ್ಟಿ ಸಾವೆ. 2023ರಲ್ಲಿ ರಾಗಿ ಮೊಣಕಾಲುದ್ದಕ್ಕೇ ನಿಂತಿತು. ಸಮಾಧಾನ ಹೇಳಲೆಂದು ಹೋದರೆ ಅವರು ಗಡಿಗೆಯಿಂದ ಬೂದಿ ಬೆರೆಸಿಟ್ಟ ಹುರುಳಿ ಬೀಜ ತೆಗೆಯುತ್ತಿದ್ದರು. "ಉತ್ರೆ ಮಳೇಲಿ ಒಂದ್ ಹದ ಸಿಕ್ರೆ ಸಾಕು ಕಣಪ್ಪ ಹುರುಳಿಗೆ. ಅದೂ ಹೋದ್ರೆ ದನಕ್ಕೆ ಸೊಪ್ಪಾದ್ರೂ ಆಯ್ತದೆ" ಎಂದರು. ಅವರ ದನಿಯಲ್ಲಿ ಉತ್ಸಾಹವಿರಲಿಲ್ಲ, ದುಃಖವೂ ಇರಲಿಲ್ಲ. ಮುಂದಿನ ಮಳೆಯ ಹೆಸರು ಗೊತ್ತಿತ್ತು, ಅದಕ್ಕೆ ತಕ್ಕ ಬೀಜ ಮನೆಯಲ್ಲಿತ್ತು. ಮಳೆ ತಪ್ಪಿದರೆ ಯಾವಾಗ ಏನನ್ನು ಬಿತ್ತಬೇಕೆಂದು ನಾವು ವಿಜ್ಞಾನಿಗಳು ಮುದ್ರಿಸಿ ಹಂಚುವ ಪರ್ಯಾಯ ಬೆಳೆ ಯೋಜನೆಯಲ್ಲೂ ಇರುವುದು ಹೆಚ್ಚುಕಡಿಮೆ ಇದೇ.

ವಿದ್ಯಾರ್ಥಿ ಮಿತ್ರರು ಈ ಸಲದ ರಜೆಯಲ್ಲಿ ತಮ್ಮ ಊರಿನ ಮನೆಗಳಲ್ಲಿ ಇಂಥ ಗಡಿಗೆಗಳು ಎಷ್ಟು ಉಳಿದಿವೆ, ಯಾವ ಬೀಜವಿದೆ, ಯಾವ ಮಳೆಗೆ ಬಿತ್ತುತ್ತಾರೆ ಎಂಬುದನ್ನು ಬರೆದು ಕಳುಹಿಸಬೇಕೆಂದು ಕೋರುತ್ತೇನೆ. ಗುಡ್ಡದ ಇಳಿಜಾರಿನ ಇಂಗುಗುಂಡಿಗಳ ಹೂಳನ್ನು ರೋಹಿಣಿ ಮಳೆಗೆ ಮುಂಚೆ ತೆಗೆಯುವ ಕೆಲಸಕ್ಕೂ ಕೈಗಳು ಬೇಕಾಗಿವೆ.

ಕಳೆದ ತಿಂಗಳು ಆ ನೆರೆಯವರ ತೋಟಕ್ಕೆ ಮತ್ತೆ ಹೋಗಿದ್ದೆ. ಕಡಿಯದೆ ಬಿಟ್ಟ ಮೂಲೆಯ ಸಾಲಿನಲ್ಲಿ ಹನ್ನೊಂದು ಮರಗಳಿದ್ದವು. ಅವುಗಳಲ್ಲಿ ಎಂಟು ಈಗ ತುಂಬು ಗೊನೆ ಹೊತ್ತಿವೆ. ಅವರು ಎಳನೀರು ಕೆತ್ತಿ ಕೈಗಿತ್ತರು. ಮೋಟುಗಳ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.