ಹತ್ತು ವರ್ಷದ ಮೇಲೆ ರಿಪೇರಿ ಯಾರದು?

ಮಂಗಳೂರಿನ ಕಂಕನಾಡಿ ಮಾರ್ಕೆಟ್ಟಿನಲ್ಲಿ ಒಬ್ಬರು ತುಳುವಿನಲ್ಲಿ ಚೌಕಾಸಿ ಮಾಡಿದರೆ ಪಕ್ಕದವರು ಕೊಂಕಣಿಯಲ್ಲಿ, ಅವರಾಚೆಯವರು ಬ್ಯಾರಿಯಲ್ಲಿ. ವ್ಯಾಪಾರ ಕೆಡುವುದಿಲ್ಲ, ಏಕೆಂದರೆ ಕೊನೆಗೆ ಎಲ್ಲವೂ ರೂಪಾಯಿಯ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. 2002ರಲ್ಲಿ ಸಾಫ್ಟ್‌ವೇರ್ ಬರೆಯಲು ಡಾಟ್‌ನೆಟ್ ಫ್ರೇಮ್‌ವರ್ಕ್ ಎಂಬ ವೇದಿಕೆ ತಂದಾಗ ಮೈಕ್ರೋಸಾಫ್ಟ್ ಕೊಟ್ಟ ಭರವಸೆಯೂ ಇದೇ: ಸಿ ಶಾರ್ಪ್‌ನಲ್ಲಾದರೂ ಬರೆಯಿರಿ, ವಿಷುವಲ್ ಬೇಸಿಕ್‌ನಲ್ಲಾದರೂ ಬರೆಯಿರಿ, ಎರಡೂ ಒಂದೇ ನಡುಭಾಷೆಗೆ ಇಳಿದು ಒಟ್ಟಿಗೆ ಓಡುತ್ತವೆ. ಜಾವಾದ ವರ್ಚುವಲ್ ಮಷೀನಿನ ಮೇಲೂ ಸ್ಕಾಲಾ, ಕಾಟ್ಲಿನ್ ಬಂದವು. ರೂಬಿಯ ರೈಲ್ಸ್ (2004), ಪೈಥಾನಿನ ಜಾಂಗೊ (2005) ಮಾತ್ರ ಒಂದೊಂದೇ ಭಾಷೆಯನ್ನು ನೆಚ್ಚಿಕೊಂಡವು.

ಸಾಫ್ಟ್‌ವೇರ್ ಬರೆಯುವ ಸಣ್ಣ ತಂಡ ಬಹುಭಾಷಾ ವೇದಿಕೆ, ಏಕಭಾಷಾ ವೇದಿಕೆ ಎರಡರಲ್ಲಿ ಯಾವುದನ್ನು ಆರಿಸಬೇಕು? ಚರ್ಚೆ ಸಾಮಾನ್ಯವಾಗಿ ವೇಗದ ಸುತ್ತ, ಪ್ರೋಗ್ರಾಮರನ ಇಷ್ಟದ ಸುತ್ತ ಗಿರಕಿ ಹೊಡೆಯುತ್ತದೆ. ವೇಗ ಸಾಲದೆ ಟ್ವಿಟರ್ ರೈಲ್ಸ್ ಬಿಟ್ಟು ಸ್ಕಾಲಾದ ಕಡೆ ಹೋದದ್ದು ನಿಜ. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯ ಎದುರಿನ ಮೆಡಿಕಲ್ ಶಾಪಿಗೆ ಆ ಕಷ್ಟ ಬರಲಾರದು.

ಅಂಗಡಿಗೆ ಬರುವ ಕಷ್ಟ ಬೇರೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾಯಿತು. ವ್ಯಾಟ್ ಲೆಕ್ಕ ಹಾಕುತ್ತಿದ್ದ ಬಿಲ್ಲಿಂಗ್ ಪ್ರೋಗ್ರಾಂಗಳಿಗೆ ಸರಕಿನ ವರ್ಗ ಸೂಚಿಸುವ ಎಚ್‌ಎಸ್‌ಎನ್ ಕೋಡ್ ಸೇರಿಸಬೇಕು, ತೆರಿಗೆಯನ್ನು ಕೇಂದ್ರಕ್ಕೊಂದು, ರಾಜ್ಯಕ್ಕೊಂದು ಎಂದು ಒಡೆದು ತೋರಿಸಬೇಕು. ಆದರೆ ಇಂಥ ಪ್ರೋಗ್ರಾಂಗಳನ್ನು ಬರೆಯಲು ಬಳಸುತ್ತಿದ್ದ, ಡಾಟ್‌ನೆಟ್‌ಗೂ ಹಿಂದಿನ ವಿಷುವಲ್ ಬೇಸಿಕ್ 6ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2008ರಲ್ಲಿ, ವಿಷುವಲ್ ಫಾಕ್ಸ್‌ಪ್ರೊಗೆ 2015ರಲ್ಲಿ. ಅವುಗಳಲ್ಲಿ ಬರೆದವರು ಅಷ್ಟರಲ್ಲಿ ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದರೆ, ತಿದ್ದುವುದು ಯಾರು? ಓದಿ ಕೆಲಸ ಹಿಡಿದವರು ಊರು ಬಿಡುವುದೇ ವಾಡಿಕೆಯಾದ ಮಂಗಳೂರಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಬಹುಭಾಷಾ ವೇದಿಕೆಯ ನಿಜವಾದ ಬೆಲೆ ತಿಳಿಯುವುದೂ ಇಲ್ಲೇ. ಡಾಟ್‌ನೆಟ್‌ನ ವಿಷುವಲ್ ಬೇಸಿಕ್ (ವಿಬಿ) ಭಾಷೆಗೆ ಇನ್ನು ಹೊಸದೇನೂ ಸೇರಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ 2020ರಲ್ಲಿ ಹೇಳಿತು. ಹಾಗಂತ ಡಾಟ್‌ನೆಟ್ ಮೇಲಿನ ವಿಬಿ ಕೋಡನ್ನು ಯಾರೂ ಎಸೆಯಬೇಕಾಗಿಲ್ಲ; ಹಳೆಯದನ್ನು ಇದ್ದಲ್ಲೇ ಬಿಟ್ಟು ಹೊಸ ಭಾಗವನ್ನು ಸಿ ಶಾರ್ಪ್‌ನಲ್ಲಿ ಬರೆದು ಕೂಡಿಸಬಹುದು. 2017ರಲ್ಲಿ ಗೂಗಲ್ ಕಾಟ್ಲಿನ್‌ಗೆ ಮನ್ನಣೆ ಕೊಟ್ಟ ಮೇಲೆ ಆಂಡ್ರಾಯ್ಡ್‌ನವರು ಜಾವಾದಿಂದ ಹೀಗೆಯೇ ಮೆಲ್ಲಗೆ ದಾಟಿದರು. ಇಷ್ಟಬಂದ ಭಾಷೆಯಲ್ಲಿ ಬರೆಯುವ ಸ್ವಾತಂತ್ರ್ಯಕ್ಕಿಂತ ಈ ಅನುಕೂಲವೇ ದೊಡ್ಡದು. ಭಾಷೆಗಳ ಪಟ್ಟಿ ಉದ್ದವಿದೆ ಎಂದು ಮರುಳಾಗುವುದೂ ಬೇಡ: ಡಾಟ್‌ನೆಟ್‌ನ ಜೆ ಶಾರ್ಪ್, ಐರನ್ ರೂಬಿ ಎರಡನ್ನೂ ಮೈಕ್ರೋಸಾಫ್ಟೇ ಕೈಬಿಟ್ಟಿತು.

ಇಷ್ಟಬಂದ ಭಾಷೆಯಲ್ಲಿ ಬರೆಯುವ ಅದೇ ಸ್ವಾತಂತ್ರ್ಯವನ್ನು ಮೊದಲ ದಿನದಿಂದ ಬಳಸಿದರೆ ಮೂರು ಜನರ ತಂಡದಲ್ಲಿ ಒಬ್ಬ ಬರೆದದ್ದು ಇನ್ನೊಬ್ಬನಿಗೆ ಅರ್ಥವಾಗದು. ತಪ್ಪು ಹುಡುಕುವುದು ಎರಡರಷ್ಟು ಕೆಲಸ, ಹೊಸಬರಿಗೆ ಕಲಿಸುವುದೂ ಅಷ್ಟೇ. ಅಲ್ಲದೆ ಏಕಭಾಷೆ ಎನ್ನುವುದೇ ಅರ್ಧ ಸತ್ಯ. ಜಾಂಗೊದಲ್ಲಿ ಬರೆದರೂ ಡೇಟಾಬೇಸಿನಲ್ಲಿ ಎಸ್‌ಕ್ಯೂಎಲ್, ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಎದುರಾಗುತ್ತವೆ. ಇರುವ ಭಾಷೆಗಳೇ ಇಷ್ಟಾದಾಗ ಇನ್ನೊಂದನ್ನು ಚಟಕ್ಕೆ ಸೇರಿಸುವುದೇಕೆ?

ನನ್ನ ಮತವಿಷ್ಟು: ವೇದಿಕೆ ಹಲವು ಭಾಷೆಗಳದ್ದಿರಲಿ, ತಂಡ ಬರೆಯುವುದು ಒಂದರಲ್ಲೇ ಇರಲಿ. ಆ ಒಂದು, ಇಲ್ಲಿನ ಕಾಲೇಜುಗಳಿಂದ ಹೊರಬರುವವರು ಓದಬಲ್ಲದ್ದಾಗಿರಲಿ. ಇನ್ನು ದುಡ್ಡು ಕೊಟ್ಟು ಸಾಫ್ಟ್‌ವೇರ್ ಬರೆಸುವ ಅಂಗಡಿಯವರೇ, ಕೊನೆಯ ಕಂತು ಕೊಡುವ ಮೊದಲು ಸೋರ್ಸ್ ಕೋಡ್ ಕೇಳಿ ಪಡೆಯಿರಿ, ಅದು ಯಾವ ಭಾಷೆಯದು, ಯಾವ ಆವೃತ್ತಿಯದು ಎಂದು ಕಾಗದದ ಮೇಲೆ ಬರೆಸಿಕೊಳ್ಳಿ.