ಕ್ಯಾಲಿಫೋರ್ನಿಯಾದ ಚಿನ್ನ ಮತ್ತು ನಮ್ಮ ಮನೆಗಳ ಕಥೆಗಳು

ಲಾಸ್ ಏಂಜಲೀಸಿನ ಸಾರ್ವಜನಿಕ ದೂರದರ್ಶನ ವಾಹಿನಿಯಾದ ಕೆಸಿಇಟಿಯಲ್ಲಿ 1991ರಲ್ಲಿ ಆರಂಭವಾದ ‘ಕ್ಯಾಲಿಫೋರ್ನಿಯಾಸ್ ಗೋಲ್ಡ್’ ಸರಣಿಯನ್ನು ಈ ರಾಜ್ಯದಲ್ಲಿ ಬಹುಕಾಲದಿಂದ ನೆಲೆಸಿರುವ ಕನ್ನಡಿಗರಲ್ಲಿ ಹಲವರು ಬಲ್ಲರು. ಈಚಿನ ವರ್ಷಗಳಲ್ಲಿ ಬಂದ ಕುಟುಂಬಗಳಿಗೆ ಅದರ ಪರಿಚಯ ಕಡಿಮೆ. ಹ್ಯೂಯೆಲ್ ಹೌಸರ್ ಎಂಬ ನಿರೂಪಕರು ಕೈಯಲ್ಲೊಂದು ಮೈಕು, ಜೊತೆಯಲ್ಲೊಬ್ಬ ಛಾಯಾಗ್ರಾಹಕ, ಇಷ್ಟೇ ಪರಿಕರದೊಡನೆ 58 ಕೌಂಟಿಗಳ ಈ ವಿಶಾಲ ರಾಜ್ಯದ ಮೂಲೆಮೂಲೆಗಳನ್ನು ಸುತ್ತಿದರು. ಮರೆತುಹೋದ ಗಣಿಯೂರು, ಹಳೆಯ ಸೇತುವೆ, ತಲೆಮಾರುಗಳಿಂದ ನಡೆದುಬಂದ ಅಂಗಡಿ, ಊರಿನವರಷ್ಟೇ ಬಲ್ಲ ಒಂದು ಹಬ್ಬ, ಇವೇ ಅವರ ವಸ್ತು. 2013ರ ಜನವರಿಯಲ್ಲಿ ಅವರು ತೀರಿಕೊಂಡರು. ಅದಕ್ಕೂ ಮುನ್ನವೇ ತಮ್ಮ ಕಾರ್ಯಕ್ರಮಗಳ ಸಂಗ್ರಹವನ್ನು ಆರೆಂಜ್ ನಗರದ ಚಾಪ್‌ಮನ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ್ದರು. ಇಂದು ಅವನ್ನು ಯಾರು ಬೇಕಾದರೂ ಅಂತರಜಾಲದಲ್ಲಿ ಉಚಿತವಾಗಿ ನೋಡಬಹುದು.

ಈ ಸರಣಿಯನ್ನು ನಮ್ಮ ಓದುಗರ ಗಮನಕ್ಕೆ ತರಲು ಮುಖ್ಯವಾದ ಒಂದು ಕಾರಣವಿದೆ. ಕ್ಯಾಲಿಫೋರ್ನಿಯಾದ ಜನರಿಗೆ ಅವರದೇ ನಾಡನ್ನು ಪರಿಚಯಿಸಿದ ಈ ವ್ಯಕ್ತಿ ಕ್ಯಾಲಿಫೋರ್ನಿಯಾದವರಲ್ಲ. ಅವರು ಹುಟ್ಟಿ ಬೆಳೆದದ್ದು ದೂರದ ಟೆನೆಸ್ಸಿಯಲ್ಲಿ. ಲಾಸ್ ಏಂಜಲೀಸಿಗೆ ಬಂದದ್ದು ಮೂವತ್ತೈದು ದಾಟಿದ ಮೇಲೆ. ತವರಿನ ಉಚ್ಚಾರಣೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಬಂದ ನೆಲದ ಕುರಿತ ಕುತೂಹಲವನ್ನೂ ಬಿಡಲಿಲ್ಲ. ವಲಸೆ ಬಂದವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ತವರಿನ ನೆನಪನ್ನು ಇಲ್ಲವೇ ಹೊಸ ನೆಲದ ಅರಿವನ್ನು, ಎಂಬ ಮಾತು ನಮ್ಮ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅದಕ್ಕೆ ಈ ಸರಣಿಯೇ ಸಾಕಷ್ಟು ಉತ್ತರ.

ಜನಪದ ಕಥನವನ್ನು ಅರಿಯದೆ ಕ್ಯಾಲಿಫೋರ್ನಿಯಾವನ್ನು ಅರಿಯುವುದು ಸಾಧ್ಯವೂ ಅಲ್ಲ. ಈ ರಾಜ್ಯದ ಹೆಸರೇ ಒಂದು ಕಟ್ಟುಕಥೆಯಿಂದ ಬಂದಿದೆ ಎಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಹದಿನಾರನೆಯ ಶತಮಾನದ ಆರಂಭದಲ್ಲಿ ಸ್ಪೇನಿನ ಗಾರ್ಸಿ ರೊಡ್ರಿಗೆಜ್ ದೆ ಮೊಂತಾಲ್ವೊ ಬರೆದ ರಮ್ಯಕಥೆಯೊಂದರಲ್ಲಿ ಕಲಾಫಿಯಾ ಎಂಬ ರಾಣಿಯೂ ಆಕೆ ಆಳುವ ಚಿನ್ನದ ದ್ವೀಪವೂ ಬರುತ್ತವೆ. ಆ ದ್ವೀಪದ ಹೆಸರು ಕ್ಯಾಲಿಫೋರ್ನಿಯಾ. ಚಿನ್ನದ ಅನ್ವೇಷಣೆಯ ಗಲಾಟೆಗೆ ಮೂರು ಶತಮಾನಗಳಿಗೂ ಹಿಂದೆ ಕಥೆಯೇ ಇಲ್ಲಿಗೆ ಬಂದು ನೆಲೆಸಿತ್ತು.

ಈ ನೆಲದ ಇನ್ನೊಂದು ಐತಿಹ್ಯ ಹೊಕೀನ್ ಮುರಿಯೆಟಾನದು. 1850ರಲ್ಲಿ ರಾಜ್ಯದ ಶಾಸನಸಭೆ ಪರದೇಶದ ಗಣಿಗಾರರ ಮೇಲೆ ತಿಂಗಳಿಗೆ 20 ಡಾಲರುಗಳ ತೆರಿಗೆ ಹೇರಿತು. ಮೆಕ್ಸಿಕೋದಿಂದಲೂ ದಕ್ಷಿಣ ಅಮೆರಿಕದಿಂದಲೂ ಬಂದಿದ್ದ ಸಾವಿರಾರು ಗಣಿಗಾರರು ಗಣಿಪ್ರದೇಶವನ್ನೇ ತೊರೆಯಬೇಕಾಯಿತು. ಆ ಕಾಲದ ದರೋಡೆಕೋರನೆಂದು ಹೆಸರಾದ ಮುರಿಯೆಟಾನನ್ನು 1853ರಲ್ಲಿ ರಾಜ್ಯದ ಸವಾರರು ಕೊಂದರೆಂದು ಘೋಷಿಸಲಾಯಿತು. ಅವನದೆಂದು ಹೇಳಲಾದ ತಲೆಯನ್ನು ಮದ್ಯಸಾರದ ಜಾಡಿಯಲ್ಲಿಟ್ಟು ಊರೂರಿನಲ್ಲಿ ಪ್ರದರ್ಶಿಸಲಾಯಿತು. ಆ ತಲೆ ನಿಜಕ್ಕೂ ಅವನದೇ ಎಂಬ ಸಂದೇಹ ಆಗಲೇ ಹುಟ್ಟಿತ್ತು. ಮರುವರ್ಷವೇ ಚೆರೊಕೀ ಮೂಲದ ಲೇಖಕ ಜಾನ್ ರೊಲಿನ್ ರಿಡ್ಜ್ ಅವನನ್ನು ಅನ್ಯಾಯಕ್ಕೊಳಗಾಗಿ ಸೇಡು ತೀರಿಸಿಕೊಂಡ ವೀರನನ್ನಾಗಿ ಕಾದಂಬರಿಯಲ್ಲಿ ಚಿತ್ರಿಸಿದರು. ಇಂದು ಅವನಲ್ಲಿ ಇತಿಹಾಸವೆಷ್ಟು, ಕಥೆಯೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ 20 ಡಾಲರುಗಳ ಆ ತೆರಿಗೆ ಕಥೆಯಲ್ಲ. ಅದರ ನೋವನ್ನು ಜನರು ಮರೆಯದೆ ಉಳಿಸಿಕೊಂಡದ್ದು ಈ ಕಥೆಯ ಮೂಲಕ.

ಇದನ್ನು ಓದುವಾಗ ಕನ್ನಡಿಗರಿಗೆ ತಲಕಾಡು ನೆನಪಾಗದೆ ಇರದು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು ಎಂಬುದು ಇತಿಹಾಸ. ಆ ಪ್ರತಿನಿಧಿಯ ಮಡದಿ ಅಲಮೇಲಮ್ಮ ಒಡವೆಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಮಾಲಂಗಿಯ ಬಳಿ ಕಾವೇರಿಗೆ ಹಾರುವಾಗ ತಲಕಾಡಿಗೂ ಮಾಲಂಗಿಗೂ ಮೈಸೂರು ದೊರೆಗಳ ಸಂತಾನಕ್ಕೂ ಶಾಪವಿತ್ತಳು ಎಂಬುದು ಐತಿಹ್ಯ. ತಲಕಾಡಿನ ದೇವಾಲಯಗಳನ್ನು ಮರಳು ಮುಚ್ಚಿರುವುದು ಕಣ್ಣಿಗೆ ಕಾಣುವ ಸತ್ಯ. ನದಿಯ ತಿರುವಿನಲ್ಲಿ ಕೂಡಿದ ಮರಳನ್ನು ಗಾಳಿ ಊರಿನ ಮೇಲೆ ಹೊತ್ತು ತಂದಿತು ಎಂಬುದು ಭೂವಿಜ್ಞಾನ ಕೊಡುವ ವಿವರಣೆ. ಈ ವಿವರಣೆ ತಿಳಿದೊಡನೆ ಅಲಮೇಲಮ್ಮನ ಕಥೆ ವ್ಯರ್ಥವಾಗುವುದೇ? ಖಂಡಿತ ಇಲ್ಲ. ಗೆದ್ದವರ ಹೆಸರನ್ನು ಅರಮನೆಯ ವಂಶಾವಳಿ ಉಳಿಸಿಕೊಂಡಿತು. ಸೋತ ಮನೆಯ ಹೆಂಗಸಿನ ದುಃಖವನ್ನು ಉಳಿಸಿಕೊಳ್ಳುವ ಹೊಣೆ ಜನರ ನಾಲಿಗೆಗೆ ಬಿತ್ತು. ಮುರಿಯೆಟಾನ ಕಥೆಯೂ ಅಲಮೇಲಮ್ಮನ ಕಥೆಯೂ ಮಾಡುವ ಕೆಲಸ ಒಂದೇ: ದಾಖಲೆಗಳು ಬಿಟ್ಟುಬಿಟ್ಟವರ ಪರವಾಗಿ ಸಾಕ್ಷಿ ನುಡಿಯುವುದು.

ಐತಿಹ್ಯವನ್ನೂ ಇತಿಹಾಸವನ್ನೂ ದೂರದರ್ಶನಕ್ಕೆ ತರುವವರು ಈ ಭೇದವನ್ನು ಕಾಪಾಡಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ಇಂದು ಹಲವು ಭಾಷೆಗಳ ವಾಹಿನಿಗಳಲ್ಲಿ ಬರುವ ‘ರಹಸ್ಯ’ದ ಕಾರ್ಯಕ್ರಮಗಳನ್ನು ನೋಡಿದರೆ ಆತಂಕವಾಗುತ್ತದೆ. ಎದೆ ನಡುಗಿಸುವ ಹಿನ್ನೆಲೆ ಸಂಗೀತ, ಕತ್ತಲ ಗುಡಿ, ನಿಧಿ, ಶಾಪ, ಸರ್ಪ. ಕೊನೆಗೆ ಪ್ರಶ್ನೆಯೊಂದನ್ನು ಎಸೆದು ಜಾಹೀರಾತಿಗೆ ಹೋಗುವ ಚಾಳಿ. ಅಲ್ಲಿ ಐತಿಹ್ಯವನ್ನು ಇತಿಹಾಸವೆಂದು ಮಾರಲಾಗುತ್ತದೆ. ಇದರಿಂದ ಎರಡಕ್ಕೂ ಹಾನಿ. ನಂಬಿದ ಪ್ರೇಕ್ಷಕರಿಗೆ ಇತಿಹಾಸ ತಪ್ಪಿಹೋಗುತ್ತದೆ. ನಂಬದವರು ಕಥೆಯನ್ನೂ ಮೌಢ್ಯವೆಂದು ಬಿಸಾಡುತ್ತಾರೆ. ನಿಧಿಯ ಆಸೆ ಹುಟ್ಟಿಸುವ ಇಂತಹ ಕಥನಗಳ ಬೆಲೆಯನ್ನು ವೀರಗಲ್ಲುಗಳೂ ಹಾಳುಬಿದ್ದ ಗುಡಿಗಳೂ ತೆರುತ್ತಿವೆ.

ಹೌಸರ್ ಅವರ ವಿಧಾನ ಇದಕ್ಕೆ ವಿರುದ್ಧವಾದುದು. ಅವರು ಪಂಡಿತರಂತೆ ಮಾತನಾಡಲಿಲ್ಲ; ಊರಿನವರ ಮುಂದೆ ಮೈಕು ಹಿಡಿದು, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಕೇಳಿದರು. ಕತ್ತರಿ ಪ್ರಯೋಗ ಕಡಿಮೆ, ಅಲಂಕಾರ ಇನ್ನೂ ಕಡಿಮೆ. ಅವರ ಬೆರಗು ಅತಿಯಾಯಿತು, ಎಲ್ಲವನ್ನೂ ಹೊಗಳಿದರು, ಈ ನೆಲದ ಕಹಿಯ ಕಡೆಗೆ ಸಾಕಷ್ಟು ನೋಡಲಿಲ್ಲ ಎಂಬ ಆಕ್ಷೇಪವುಂಟು. ಅದರಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಮೂಲನಿವಾಸಿಗಳ ಹತ್ಯೆ, ಏಷ್ಯಾದವರಿಗೆ ಜಮೀನು ಕೊಳ್ಳದಂತೆ ತಡೆದ 1913ರ ಕಾನೂನು, ಇವೂ ಕ್ಯಾಲಿಫೋರ್ನಿಯಾದ ಚರಿತ್ರೆಯೇ. ಆ ಕಾನೂನಿನ ಕಾಲದಲ್ಲಿ ಇಂಪೀರಿಯಲ್ ಕಣಿವೆಯ ಪಂಜಾಬಿ ರೈತರು ಮೆಕ್ಸಿಕೋ ಮೂಲದ ಹೆಣ್ಣುಗಳನ್ನು ವರಿಸಿ ಕಟ್ಟಿದ ಸಂಸಾರಗಳ ಕಥೆಯನ್ನಾಗಲಿ, 1912ರಲ್ಲಿ ಸ್ಟಾಕ್‌ಟನ್ನಿನಲ್ಲಿ ಸ್ಥಾಪನೆಯಾದ ಗುರುದ್ವಾರದ ಕಥೆಯನ್ನಾಗಲಿ ನಮ್ಮ ಮಕ್ಕಳು ಶಾಲೆಯಲ್ಲಿ ಕೇಳುವುದು ಅಪರೂಪ. ಈ ಕೊರತೆ ತುಂಬಬೇಕಾದರೂ ಹಾದಿ ಅದೇ: ಹೋಗುವುದು, ಕೇಳುವುದು, ಕೇಳಿದ್ದನ್ನು ಕಾಪಿಡುವುದು.

ಇಲ್ಲಿಗೆ ನಮ್ಮ ಸಂಘದ ವಿಚಾರಕ್ಕೆ ಬರುತ್ತೇವೆ. 1965ರ ವಲಸೆ ಕಾನೂನು ಬಾಗಿಲು ತೆರೆದ ಮೇಲೆ ಈ ದೇಶಕ್ಕೆ ಬಂದ ಮೊದಲ ಕನ್ನಡಿಗರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಕನ್ನಡದ ಒಂದು ಧ್ವನಿ ಕೇಳಲು ನೂರು ಮೈಲಿ ಕಾರು ಓಡಿಸಿದ, ಯಾರದೋ ಗ್ಯಾರೇಜಿನಲ್ಲಿ ಗಣಪತಿ ಕೂರಿಸಿದ ತಲೆಮಾರದು. ಅವರೊಡನೆ ಮಕ್ಕಳ ಮನೆಗೆಂದು ಆರು ತಿಂಗಳ ಮಟ್ಟಿಗೆ ಬಂದು ಹೋಗುವ ತಾಯಂದಿರಿದ್ದಾರೆ. ಬೀಸುವ ಪದ, ಸೋಬಾನೆ ಪದ, ಊರದೇವತೆಯ ಕಥೆ, ಬರಗಾಲದ ನೆನಪು ಅವರ ಬಾಯಲ್ಲಿವೆ. ಕುಂದಾಪುರದ ಕನ್ನಡವೂ ಧಾರವಾಡದ ಕನ್ನಡವೂ ಚಾಮರಾಜನಗರದ ಕನ್ನಡವೂ ಒಂದೇ ಸಭಾಂಗಣದ ಊಟದ ಸಾಲಿನಲ್ಲಿ ಸಿಗುವ ಭಾಗ್ಯ ಕರ್ನಾಟಕದಲ್ಲಿಯೂ ಎಲ್ಲರಿಗೂ ಇಲ್ಲ. ಆದರೆ ನಮ್ಮ ಸಂಘಗಳು ಚಿತ್ರೀಕರಿಸುವುದು ವೇದಿಕೆಯ ನೃತ್ಯವನ್ನು, ಅತಿಥಿಗಳ ಭಾಷಣವನ್ನು. ಊಟದ ಸಾಲಿನ ಮಾತು ಯಾವ ದಾಖಲೆಗೂ ಸೇರುವುದಿಲ್ಲ. ಪ್ರತಿ ವರ್ಷವೂ ಕೆಲವು ಕುರ್ಚಿಗಳು ತೆರವಾಗುತ್ತಿವೆ.

ಇದು ವಿದ್ವಾಂಸರ ಕೆಲಸ, ಸ್ವಯಂಸೇವಕರಿಂದ ಆಗದು ಎಂದು ಕೆಲವರು ಹೇಳಬಹುದು. ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ವೃತ್ತಿಯಿಂದ ಸರ್ಕಾರಿ ಅಧಿಕಾರಿಗಳು. ಸುಮಾರು ಕ್ರಿ.ಶ. 750ರ ಕಾಲದ್ದೆನ್ನಲಾದ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಮಣ್ಣುಪಾಲಾಗದಂತೆ ಕಾಪಾಡಲು ಮುಂದಾದವರಲ್ಲಿ ಆ ಬಡಾವಣೆಯ ಸಾಮಾನ್ಯ ನಾಗರಿಕರೂ ಇದ್ದರು. ವಿದ್ವಾಂಸರು ಮುಂದೆ ಅರ್ಥ ಹೇಳಿಯಾರು. ಅರ್ಥ ಹೇಳಲು ಏನಾದರೂ ಉಳಿದಿರಬೇಕಷ್ಟೆ.

ಆದ್ದರಿಂದ ನಮ್ಮ ಸಲಹೆ ಸರಳವಾದುದು. ಮುಂದಿನ ಹಬ್ಬದ ಕಾರ್ಯಕ್ರಮದ ದಿನ ಸಭಾಂಗಣದ ಪಕ್ಕದ ಶಾಂತವಾದ ಕೋಣೆಯೊಂದನ್ನು ಇದಕ್ಕೆಂದೇ ಕಾದಿರಿಸೋಣ. ಎರಡು ಕುರ್ಚಿ, ಒಂದು ಮೈಕು, ಒಂದು ಫೋನು ಸಾಕು. ಪ್ರಶ್ನೆ ಕೇಳುವವರು ನಮ್ಮ ಕನ್ನಡ ಕಲಿ ತರಗತಿಗಳ ಹದಿಹರೆಯದ ಮಕ್ಕಳಾಗಲಿ. ಅವರ ಕನ್ನಡ ತಡವರಿಸಿದರೆ ತಡವರಿಸಲಿ. ಹೇಳುವವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯೋಣ. ಮಾತನ್ನು ಗ್ರಾಂಥಿಕವಾಗಿ ತಿದ್ದದೆ ಅವರವರ ಊರಿನ ನುಡಿಯಲ್ಲಿಯೇ ಉಳಿಸೋಣ. ದಿನಾಂಕ, ಊರು, ಯಾರಿಂದ ಕೇಳಿದ ಕಥೆ ಎಂಬುದನ್ನು ಗುರುತು ಹಾಕೋಣ. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂಬ ಭೇದ ಅಲ್ಲಿಯೇ ಸ್ಪಷ್ಟವಾಗಲಿ. ಪೂರ್ತಿ ಮುದ್ರಿಕೆಯನ್ನು ಕತ್ತರಿಸದೆ ಇಟ್ಟು, ಹೇಳಿದವರು ಒಪ್ಪಿದರೆ ಸಾರ್ವಜನಿಕ ಸಂಗ್ರಹವೊಂದಕ್ಕೆ ಒಪ್ಪಿಸೋಣ. ದಕ್ಷಿಣ ಏಷ್ಯಾ ಮೂಲದ ಅಮೆರಿಕನ್ನರ ನೆನಪುಗಳನ್ನು ಸಂಗ್ರಹಿಸುವ ಡಿಜಿಟಲ್ ಭಂಡಾರವೊಂದು 2008ರಿಂದಲೂ ಈ ದೇಶದಲ್ಲಿ ಕೆಲಸ ಮಾಡುತ್ತಿದೆ. ಅಂತಹ ಕಡೆ ಕನ್ನಡದ ಧ್ವನಿಗಳು ಹೆಚ್ಚು ಹೆಚ್ಚಾಗಿ ಸೇರಬೇಕು.

ಇದಕ್ಕೆ ತಗಲುವ ಹಣ ಒಂದು ಕಾರ್ಯಕ್ರಮದ ಹೂವಿನ ಅಲಂಕಾರಕ್ಕಿಂತ ಕಡಿಮೆ. ಬೇಕಾದದ್ದು ಕೆಲವು ಗಂಟೆಗಳ ತಾಳ್ಮೆ, ಕೇಳುವ ಕಿವಿ. ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲೆಂದು ಕೋರುತ್ತೇವೆ. ಅಷ್ಟರೊಳಗೆ ಓದುಗರು ತಮ್ಮ ಮನೆಯ ಹಿರಿಯರೊಬ್ಬರ ಹೆಸರನ್ನೂ ಅವರು ಚೆನ್ನಾಗಿ ಹೇಳುವ ಕಥೆಯೊಂದನ್ನೂ ಗುರುತು ಮಾಡಿಟ್ಟುಕೊಂಡಿದ್ದರೆ ಅರ್ಧ ಕೆಲಸ ಆದಂತೆ.