ಉಮ್ಮನನ್ನೇ ಕರೆತನ್ನಿ

“ಉಮ್ಮನಿಗೆ ನಡೆಯಲಾಗುವುದಿಲ್ಲ ಡಾಕ್ಟ್ರೇ, ಔಷಧಿ ಮಾತ್ರ ಕೊಡಿ” ಎನ್ನುತ್ತಾ ನನ್ನ ಕ್ಲಿನಿಕ್‌ಗೆ ಬರುವವರು ಅನೇಕ. ನಾಡಿ ನೋಡದೆ ನಾನು ಏನನ್ನು ಕೊಡಲಿ? ಕುಳಿತಲ್ಲೇ, ಮಲಗಿದಲ್ಲೇ ಇರುವವರ ಸೊಂಟ, ಹಿಮ್ಮಡಿಗಳಲ್ಲಿ ಹುಣ್ಣಾಗುತ್ತದೆ. ಮೊದಲು ಅದು ಬರೀ ಕೆಂಪು ಕಲೆ. ಆಗಲೇ ಕಂಡರೆ ವಾಸಿ ಮಾಡುವುದು ಸುಲಭ. ಮಗನ ಬಾಯಿಮಾತಿನಲ್ಲಿ ಅದು ನನಗೆ ಕಾಣದು.

ತಪ್ಪು ನಿಮ್ಮದೊಂದೇ ಅಲ್ಲ. ನನ್ನ ಕ್ಲಿನಿಕ್‌ಗೂ ಬಹಳ ಕಾಲ ಮೂರು ಮೆಟ್ಟಿಲುಗಳಿದ್ದವು. ಇಳಿಜಾರು ದಾರಿ ಮಾಡಿಸಿದ ಮೇಲೆ, ವರ್ಷಗಳಿಂದ ಹೆಸರು ಮಾತ್ರ ಕೇಳಿದ್ದ ರೋಗಿಗಳ ಮುಖ ನೋಡಿದೆ.

ಸರಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ಎಲ್ಲ ಭಾಗಗಳಿಗೂ ಅಡೆತಡೆಯಿಲ್ಲದ ಪ್ರವೇಶವಿರಬೇಕು, ಚಿಕಿತ್ಸೆಯಲ್ಲಿ ಆದ್ಯತೆ ಸಿಗಬೇಕು ಎಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 25ನೇ ಕಲಂ ಹೇಳುತ್ತದೆ. ಸರದಿಯಲ್ಲಿ ಕಾಯಿಸಿದರೆ ಇದನ್ನು ಹೇಳಿ ಕೇಳಿ. ಯುಡಿಐಡಿ ಕಾರ್ಡ್ ಇಲ್ಲದವರಿಗೆ ಅರ್ಜಿ ಹಾಕಿಸಿ. ಇಳಿಜಾರು ದಾರಿ ಇಲ್ಲದ ಕಡೆ ನಾವು ವೈದ್ಯರೇ ಹೊರಗೆ ಬಂದು ನೋಡಬೇಕು.

ರೋಗಿಯನ್ನು ನೋಡಿ ಬರುವುದು ಪುಣ್ಯವೆಂದು ನಂಬಿದವರು ನಾವು. ಮುಂದಿನ ಸಲ ನೆರೆಮನೆಗೆ ಹಣ್ಣು ಒಯ್ಯುವಾಗ ಒಂದು ಮಾತು ಕೇಳಿ: “ಆಸ್ಪತ್ರೆಗೆ ಯಾವಾಗ ಹೋಗೋಣ? ಗಾಲಿಕುರ್ಚಿ ನಾನು ಹಿಡಿಯುತ್ತೇನೆ.”